ಹಿತ್ತಲಿನ ಬಿಸಿಲು: ಒಂದೇ ಚಿತ್ರದಲ್ಲಿ ಸೇರಿಕೊಂಡ ಮೂರು ಹೊತ್ತು

ಈ ಪ್ರಕರಣ ನನ್ನ ಗೆಳತಿಯೊಬ್ಬಳದು. ಹಲವು ವರ್ಷಗಳಿಂದ ಜಲವರ್ಣ ಮಾಡುತ್ತಾ ಬಂದವಳು. ಕೈ ಪಳಗಿದೆ, ಗೆರೆ ಗಟ್ಟಿಯಾಗಿದೆ. ಆಯಿಲ್ ಪೇಂಟ್ ಮಾತ್ರ ಹೊಸದು. ಹೊರಗೆ ನಿಂತು, ದೃಶ್ಯವನ್ನು ನೋಡುತ್ತಲೇ ಆಯಿಲ್‌ನಲ್ಲಿ ಒಂದು ಚಿತ್ರ ಮಾಡಬೇಕು ಅನ್ನುವುದು ಅವಳ ಆಸೆ. ಅದಕ್ಕೆ ಮನೆಯ ಹಿತ್ತಲನ್ನೇ ಆರಿಸಿಕೊಂಡಳು.

ಆಯ್ಕೆ ಒಳ್ಳೆಯದೇ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಮಾತು ಚಿತ್ರ ಬರೆಯುವವರಿಗೂ ಅಂಟಿಕೊಂಡಿದೆ. ಕೆರೆ, ಬೆಟ್ಟ, ಹಳೇ ಕಟ್ಟಡ ಹುಡುಕಿಕೊಂಡು ಹೋಗುತ್ತೇವೆ. ಆದರೆ ಹೊರಗಿನ ಬೆಳಕನ್ನು ಕಲಿಯಲು ಹಿತ್ತಲಿನಂಥ ಜಾಗ ಇಲ್ಲ. ಸಾಮಾನು ಹೊತ್ತು ನಡೆಯಬೇಕಿಲ್ಲ. ನೋಡಿ ಗುಂಪು ಕಟ್ಟುವವರಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ಜಾಗಕ್ಕೆ, ಅದೇ ಹೊತ್ತಿಗೆ, ಮತ್ತೆ ಮತ್ತೆ ಬರಬಹುದು. ಈ ಕೊನೆಯ ಅನುಕೂಲ ಎಷ್ಟು ದೊಡ್ಡದು ಅಂತ ಮೊದಲ ಚಿತ್ರ ಕೆಟ್ಟ ಮೇಲೆ ಅವಳಿಗೆ ಗೊತ್ತಾಯಿತು.

ದೃಶ್ಯ ಹೀಗಿತ್ತು

ಹಿಂಬಾಗಿಲಲ್ಲಿ ನಿಂತರೆ ಎಡಕ್ಕೆ ಸುಮಾರು ಆರು ಅಡಿ ಎತ್ತರದ ಕಾಂಪೌಂಡ್ ಗೋಡೆ. ಎದುರಿಗೆ ಇನ್ನೊಂದು ಇಟ್ಟಿಗೆ ಗೋಡೆ, ಅದಕ್ಕೆ ಒರಗಿಸಿದ ಮರದ ಏಣಿ. ಬಲಕ್ಕೆ ದಟ್ಟ ಎಲೆಯ ಒಂದು ಮರ, ಅದರ ಹತ್ತಿರ ನೀಲಿ ಪ್ಲಾಸ್ಟಿಕ್ ಡ್ರಮ್ಮು. ನಡುವೆ ಬಟ್ಟೆ ಒಣಗಿಸುವ ಹಗ್ಗ, ಅದರ ಮೇಲೊಂದು ಬಿಳಿ ಬೆಡ್‌ಶೀಟ್. ಅದು ಎಡಗೋಡೆಯಿಂದ ಸುಮಾರು ಐದು ಅಡಿ ದೂರದಲ್ಲಿ ಶುರುವಾಗುತ್ತದೆ. ಗೋಡೆಯ ಬುಡದಲ್ಲಿ ಒಂದು ನಿಂಬೆ ಗಿಡ. ಬೆಳಗಿನ ಬಿಸಿಲು ಎಡಗಡೆಯಿಂದ, ಸ್ವಲ್ಪ ಬೆನ್ನ ಹಿಂದಿನಿಂದ ಬೀಳುತ್ತದೆ.

ಎಲ್ಲವೂ ಸಾಧಾರಣ ವಸ್ತುಗಳು. ಆದರೂ ಈ ದೃಶ್ಯ ಅವಳನ್ನು ಯಾಕೆ ಸೆಳೆಯಿತು ಅಂತ ಕೇಳಿದಾಗ ಅವಳು ತಡಮಾಡದೆ ಹೇಳಿದಳು: "ಆ ಬೆಡ್‌ಶೀಟ್ ಅರ್ಧ ಬಿಸಿಲಲ್ಲಿ, ಅರ್ಧ ನೆರಳಲ್ಲಿ ಇರುತ್ತೆ ನೋಡು, ಅದಕ್ಕೇ." ಈ ಮಾತನ್ನು ನೆನಪಿಡಿ. ಅವಳು ಚಿತ್ರ ಮಾಡಲು ಹೊರಟಿದ್ದು ಇದನ್ನು. ಮೊದಲ ಚಿತ್ರದಲ್ಲಿ ಇಲ್ಲದೇ ಹೋದದ್ದೂ ಇದೇ.

ಮೊದಲ ಚಿತ್ರ

ಬೆಳಗ್ಗೆ ಎಂಟೂವರೆ ಹೊತ್ತಿಗೆ ಶುರು ಮಾಡಿ ಹತ್ತಿರ ಹತ್ತಿರ ಹನ್ನೆರಡರ ತನಕ ನಿಂತಿದ್ದಳು. ಫ್ರೇಮಿಗೆ ಬಿಗಿದ ಕ್ಯಾನ್ವಾಸ್, ಹಿತ್ತಲಿನ ನಡುವೆ ಅದನ್ನು ನಿಲ್ಲಿಸುವ ಈಸೆಲ್, ತಲೆ ಮೇಲೆ ಟೋಪಿ. ಕೆಲಸದ ಕ್ರಮ ಜಲವರ್ಣದ್ದೇ: ಮೊದಲು ಆಕಾಶ, ಆಮೇಲೆ ದೂರದ ಗೋಡೆ, ನೆಲ, ಮರ, ಕೊನೆಗೆ ಮುಂದಿನ ವಸ್ತುಗಳು. ಬಿಳಿಯನ್ನು ಕಾಗದದಲ್ಲಿ ಉಳಿಸಿಕೊಳ್ಳುವ ಅಭ್ಯಾಸ ಅವಳದು. ಹಾಗಾಗಿ ಬೆಡ್‌ಶೀಟ್ ಜಾಗವನ್ನು ಖಾಲಿ ಬಿಟ್ಟು, ಅದನ್ನು ಎಲ್ಲಕ್ಕಿಂತ ಕೊನೆಗೆ ತುಂಬಿಸಿದಳು.

ಚಿತ್ರ ನೋಡಿದಾಗ ಒಂದೊಂದು ವಸ್ತುವೂ ಚೆನ್ನಾಗಿತ್ತು. ಏಣಿ ಸರಿಯಾಗಿ ಒರಗಿತ್ತು, ಡ್ರಮ್ಮು ದುಂಡಗಿತ್ತು. ಆದರೆ ಬಿಸಿಲು ಇರಲಿಲ್ಲ. ಅವಳಿಗೂ ಅದೇ ಕಾಟ. "ಏನೋ ಸರಿ ಇಲ್ಲ, ಏನು ಅಂತ ಗೊತ್ತಾಗ್ತಿಲ್ಲ. ಹಸಿರು ಸರಿ ಬಂದಿಲ್ಲ ಅನ್ಸತ್ತೆ," ಅಂದಳು. ಹಸಿರಲ್ಲೂ ತೊಂದರೆ ಇತ್ತು, ನಿಜ. ಆದರೆ ಮೂಲ ಅಲ್ಲಿರಲಿಲ್ಲ.

ನೆರಳುಗಳು ಹೇಳಿದ ಸಮಯ

ಹೊರಗೆ ಮಾಡಿದ ಚಿತ್ರ ಯಾವಾಗ ಮಾಡಿದ್ದು ಅಂತ ತಿಳಿಯಬೇಕಾದರೆ ಅದರ ನೆರಳುಗಳನ್ನು ಒಂದೊಂದಾಗಿ ನೋಡಬೇಕು. ಈ ಕ್ಯಾನ್ವಾಸಿನಲ್ಲಿ ನಾವು ಕೂತು ಮಾಡಿದ್ದು ಅಷ್ಟೇ.

ಎಡಗೋಡೆಯ ನೆರಳು ನೆಲದ ಮೇಲೆ ಉದ್ದವಾಗಿ ಬಲಕ್ಕೆ ಚಾಚಿತ್ತು. ಅದು ಬೆಳಗಿನದು. ಸೂರ್ಯ ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿದ್ದರೆ ಆರು ಅಡಿ ಗೋಡೆಯ ನೆರಳು ಹತ್ತು ಅಡಿ ದಾಟುತ್ತದೆ. 45 ಡಿಗ್ರಿಗೆ ಬಂದಾಗ ಆರೇ ಅಡಿ. 60ಕ್ಕೆ ಏರಿದಾಗ ಮೂರೂವರೆ ಅಡಿಗೆ ಇಳಿದಿರುತ್ತದೆ. ಸೂರ್ಯ ಆಕಾಶದಲ್ಲಿ ಗಂಟೆಗೆ 15 ಡಿಗ್ರಿ ಸಾಗುತ್ತಾನೆ. ಅವನು ಹೆಚ್ಚುಕಡಿಮೆ ನೇರವಾಗಿ ಮೇಲೇರುವ ಕಡೆಗಳಲ್ಲಿ ಈ ಇಡೀ ಬದಲಾವಣೆ ಸುಮಾರು ಎರಡು ಗಂಟೆಯಲ್ಲಿ ಮುಗಿದುಹೋಗುತ್ತದೆ. ಅವಳು ನಿಂತಿದ್ದು ಅದಕ್ಕಿಂತ ಜಾಸ್ತಿ ಹೊತ್ತು.

ಇನ್ನು ಏಣಿ. ಇಟ್ಟಿಗೆ ಗೋಡೆಯ ಮೇಲೆ ಅದರ ನೆರಳು ಓರೆಯಾಗಿ ಕೆಳಕ್ಕೆ ಇಳಿದಿತ್ತು. ಅದು ಹತ್ತರ ಆಸುಪಾಸಿನದು. ಡ್ರಮ್ಮಿನ ನೆರಳಂತೂ ಬುಡಕ್ಕೆ ಅಂಟಿಕೊಂಡಿತ್ತು, ಅಂದರೆ ಹನ್ನೊಂದು ದಾಟಿದೆ.

ಕೊನೆಗೆ ಬೆಡ್‌ಶೀಟ್. ಅದು ಮೇಲಿಂದ ಕೆಳಗಿನ ತನಕ ಪೂರ್ತಿ ಬಿಸಿಲಲ್ಲಿ ಹೊಳೆಯುತ್ತಿತ್ತು. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಿ. ಗೋಡೆಯ ನೆರಳು ನೆಲದಲ್ಲಿ ಹತ್ತು ಅಡಿ ತನಕ ಹೋಗಿದ್ದರೆ, ಐದು ಅಡಿ ದೂರದಲ್ಲಿ ತೂಗುವ ಬಟ್ಟೆಯ ಕೆಳಭಾಗ ಆ ನೆರಳಿನೊಳಗೇ ಇರಬೇಕು. ಲೆಕ್ಕ ಹಾಕಿದರೆ ಅಲ್ಲಿ ನೆಲದಿಂದ ಮೂರು ಅಡಿ ಎತ್ತರದ ತನಕ ನೆರಳು. ಆದರೆ ಚಿತ್ರದಲ್ಲಿ ನೆರಳು ಬಟ್ಟೆಯ ಕೆಳಗೆ ಹಾದು ಆಚೆ ಹೋಗುತ್ತದೆ, ಬಟ್ಟೆಗೆ ಮಾತ್ರ ತಾಗುವುದಿಲ್ಲ. ಇದು ಯಾವ ಹೊತ್ತಿನಲ್ಲೂ ಸಾಧ್ಯವಿಲ್ಲ. ನೋಡುವವರಿಗೆ ಈ ಲೆಕ್ಕ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಕಣ್ಣು ನಂಬುವುದಿಲ್ಲ. ಬಿಸಿಲಿಲ್ಲ ಅನ್ನಿಸುವುದು ಅದಕ್ಕೇ.

ಅವಳು ಆ ಕ್ಯಾನ್ವಾಸನ್ನು ತುಂಬ ಹೊತ್ತು ನೋಡಿದಳು. "ಹಾಗಾದ್ರೆ ನಾನು ಯಾವುದಕ್ಕೋಸ್ಕರ ಕೂತಿದ್ನೋ ಅದನ್ನ ಮಾಡೋ ಹೊತ್ತಿಗೆ ಅದೇ ಇರ್ಲಿಲ್ಲ," ಅಂದಳು. ಸರಿಯಾದ ಮಾತು. ಇಡೀ ಪ್ರಕರಣ ಅದರಲ್ಲೇ ಇದೆ.

ಹೊರಗೆ ಚಿತ್ರ ಮಾಡಿದವರಿಗೆಲ್ಲ ಇದು ಎದುರಾಗಿದೆ. ಹೊರಗಿನ ಅಭ್ಯಾಸಚಿತ್ರಕ್ಕೆ ಹೆಚ್ಚೆಂದರೆ ಎರಡು ಗಂಟೆ, ಸೂರ್ಯ ಹುಟ್ಟುವ ಮುಳುಗುವ ಹೊತ್ತಾದರೆ ಅರ್ಧ ಗಂಟೆ ಮಾತ್ರ ಅಂತ ಫ್ರೆಂಚ್ ಚಿತ್ರಕಾರ ಪಿಯೆರ್ ಆನ್ರಿ ದ ವಾಲೆನ್ಸಿಯೆನ್ 1800ರಲ್ಲೇ ಬರೆದಿದ್ದ. ಅಮೆರಿಕನ್ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಇನ್ನೂ ಕಟ್ಟುನಿಟ್ಟು. 1885ರಲ್ಲಿ ಇಂಗ್ಲೆಂಡಿನ ಬ್ರಾಡ್‌ವೇ ಹಳ್ಳಿಯ ಒಂದು ಮನೆಯ ತೋಟದಲ್ಲಿ, ಮುಸ್ಸಂಜೆಯಲ್ಲಿ ಕಾಗದದ ಲಾಂದ್ರ ಹಚ್ಚುವ ಇಬ್ಬರು ಹುಡುಗಿಯರ ದೊಡ್ಡ ಚಿತ್ರ ಶುರು ಮಾಡಿದ. ಬೇಕಾದ ಬೆಳಕು ಸಂಜೆ ಕೆಲವೇ ನಿಮಿಷ ಇರುತ್ತಿತ್ತು. ಎಲ್ಲವನ್ನೂ ಮೊದಲೇ ಸಜ್ಜು ಮಾಡಿಟ್ಟು, ಆ ಕೆಲವು ನಿಮಿಷ ಮಾತ್ರ ಬಣ್ಣ ಹಚ್ಚಿ ನಿಲ್ಲಿಸುತ್ತಿದ್ದ. ಹೂಗಳು ಬಾಡಿದಾಗ ಕೃತಕ ಹೂ ಇಟ್ಟುಕೊಂಡ. ಚಿತ್ರ ಮುಗಿದದ್ದು ಮುಂದಿನ ವರ್ಷ. ಅದೂ ಮನೆಯ ತೋಟವೇ ಅಲ್ವಾ? ಬೆಳಕು ಹೋದ ಮೇಲೆ ಮುಂದುವರಿಸುವ ಆಸೆ ಅವನಿಗೂ ಬಂದಿರುತ್ತದೆ. ಆದರೂ ನಿಲ್ಲಿಸಿದ.

ಎರಡನೇ ಸಲ: ಕ್ರಮವನ್ನೇ ತಿರುಗಿಸಿದ್ದು

ಎರಡನೇ ಪ್ರಯತ್ನಕ್ಕೆ ಒಂದೇ ತತ್ವ ಇಟ್ಟುಕೊಂಡೆವು: ಮೊದಲು ಹೋಗುವುದನ್ನು ಮೊದಲು ಹಿಡಿ. ಆಕಾಶ ಮೊದಲು, ಹತ್ತಿರದ್ದು ಕೊನೆಗೆ ಅನ್ನುವ ಕ್ರಮ ಬಿಟ್ಟೆವು. ಬಣ್ಣ ತೆಗೆಯುವ ಮುಂಚೆಯೇ ಹಿತ್ತಲನ್ನು ನೋಡಿ, ಯಾವುದು ಎಷ್ಟು ಹೊತ್ತು ಉಳಿಯುತ್ತದೆ ಅಂತ ಅವಳೇ ಅಂದಾಜು ಮಾಡಿದಳು. ಬೆಡ್‌ಶೀಟಿನ ಮೇಲಿನ ನೆರಳಿನ ಅಂಚು ಎಲ್ಲಕ್ಕಿಂತ ಬೇಗ ಸರಿಯುತ್ತದೆ. ನೆಲದ ನೆರಳು ಅದರ ಜೊತೆಗೇ. ಆಮೇಲೆ ಏಣಿಯ ನೆರಳು. ಮರದೊಳಗಿನ ಬೆಳಕು-ಕತ್ತಲೆಯ ಗುಂಪುಗಳು ಸ್ವಲ್ಪ ತಾಳುತ್ತವೆ. ಇಟ್ಟಿಗೆಯ ಬಣ್ಣ, ಏಣಿ, ಡ್ರಮ್ಮು ಎಲ್ಲೂ ಹೋಗುವುದಿಲ್ಲ, ಅವು ಕಾಯಲಿ.

ಬೇರೆ ಕೆಲವು ಬದಲಾವಣೆಗಳನ್ನೂ ಮಾಡಿದಳು. ಕ್ಯಾನ್ವಾಸ್ ಬದಲು 10×12 ಇಂಚಿನ ಬೋರ್ಡು ತಂದಳು. ಫ್ರೇಮಿಗೆ ಬಿಗಿದ ಬಟ್ಟೆಯ ಹಿಂದೆ ಬಿಸಿಲು ಬಿದ್ದರೆ ಬೆಳಕು ತೂರಿ ಬರುತ್ತದೆ, ಹಚ್ಚಿದ ಬಣ್ಣ ಎಷ್ಟು ಗಾಢ ಅಂತ ಗೊತ್ತಾಗುವುದಿಲ್ಲ. ಬೋರ್ಡಿಗೆ ಹಿಂದಿನ ದಿನವೇ ತೆಳುವಾಗಿ ಬರ್ನ್ಟ್ ಸಿಯೆನ್ನಾ ಹಚ್ಚಿ ಒರೆಸಿಟ್ಟಿದ್ದಳು. ಹಸಿರು ಜಾಸ್ತಿ ಇರುವ ಚಿತ್ರದಲ್ಲಿ ಈ ಕೆಂಪುಕಂದು ಅಲ್ಲಲ್ಲಿ ಇಣುಕಿದರೆ ಹಸಿರಿಗೆ ಜೀವ ಬರುತ್ತದೆ. ಬಿಳಿ ಹಾಳೆಯ ಹೊಳಪು ಕಣ್ಣಿಗೆ ಹೊಡೆಯುವುದೂ ತಪ್ಪುತ್ತದೆ.

ನಿಲ್ಲುವ ಜಾಗ ಹಿಂಬಾಗಿಲ ಸೂರಿನ ಕೆಳಗೆ ಬಂತು. ಮೊದಲ ಸಲ ಕ್ಯಾನ್ವಾಸಿನ ಮೇಲೆ ನೇರ ಬಿಸಿಲು ಬೀಳುತ್ತಿತ್ತು. ಅಷ್ಟು ಬೆಳಕಿನಲ್ಲಿ ಎಲ್ಲ ಬಣ್ಣವೂ ತಿಳಿಯಾಗಿ ಕಾಣುತ್ತದೆ, ಹಾಗಾಗಿ ಕೈ ತಾನಾಗಿ ಗಾಢ ಬಣ್ಣಕ್ಕೆ ಹೋಗುತ್ತದೆ. ಮನೆಯೊಳಗೆ ತಂದಾಗ ಚಿತ್ರ ಮಂಕು. ಬಣ್ಣ ಕಲಸುವ ಪ್ಯಾಲೆಟ್ಟೂ ಬೋರ್ಡೂ ಒಂದೇ ನೆರಳಿನಲ್ಲಿ ಇರಬೇಕು. ಒಂದು ಬಿಸಿಲಲ್ಲಿ, ಇನ್ನೊಂದು ನೆರಳಲ್ಲಿ ಇದ್ದರೆ ಕಲಸಿದ ಬಣ್ಣ ಹಚ್ಚಿದ ಕೂಡಲೇ ಬೇರೆಯದಾಗಿ ಕಾಣುತ್ತದೆ. ಅಂಗಿಯನ್ನೂ ಬದಲಿಸಿಕೊಂಡಳು. ಕಡುಕೆಂಪು ಅಂಗಿ ಹಾಕಿಕೊಂಡು ನಿಂತರೆ ಒದ್ದೆ ಬಣ್ಣದ ಮೇಲೆ ಅದರ ಛಾಯೆ ಹೊಳೆಯುತ್ತದೆ. ಬೂದು ಬಣ್ಣದ ಹಳೇ ಅಂಗಿ ಈ ಕೆಲಸಕ್ಕೆ ಲಾಯಕ್ಕು.

ಒಂಬತ್ತಕ್ಕೆ ಶುರು. ಬರ್ನ್ಟ್ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ನೀಲಿ ಸೇರಿಸಿ, ಟರ್ಪೆಂಟೈನಿನಲ್ಲಿ ತೆಳು ಮಾಡಿ, ಮೊದಲ ಹತ್ತು ನಿಮಿಷ ನೆರಳುಗಳ ಆಕಾರವನ್ನಷ್ಟೇ ಹಾಕಿದಳು. ಗೋಡೆಯ ನೆರಳು ನೆಲದಲ್ಲಿ ಬಂದು, ಬೆಡ್‌ಶೀಟಿನ ಬುಡ ಸಿಕ್ಕಿದ ಕೂಡಲೇ ಅದರ ಮೇಲೆ ಹತ್ತಿ, ಓರೆಯಾಗಿ ನಿಲ್ಲುವ ಒಂದೇ ತುಂಡು. ವಸ್ತುಗಳ ಹೆಸರು ಮರೆತು ನೆರಳನ್ನೆಲ್ಲ ಒಂದೇ ಆಕಾರವಾಗಿ ಜೋಡಿಸಿದ್ದು ಇಲ್ಲಿ ಬಹಳ ಕೆಲಸಕ್ಕೆ ಬಂತು. ಕಣ್ಣು ಅರೆಮುಚ್ಚಿ ನೋಡಿದರೆ ಹಿತ್ತಲಲ್ಲಿ ಇದ್ದದ್ದು ಎರಡೇ: ಬಿಸಿಲು ಒಂದು, ನೆರಳು ಒಂದು.

ಈ ನಕ್ಷೆ ಬೋರ್ಡಿನ ಮೇಲೆ ಕೂತ ಮೇಲೆ ಅದನ್ನು ಬದಲಿಸಬಾರದು ಅಂತ ಮಾತಾಗಿತ್ತು. ಅರ್ಧ ಗಂಟೆ ಕಳೆದಾಗ ನೆಲದ ನೆರಳು ಹಿಂದೆ ಸರಿದು, ಅಲ್ಲೊಂದು ಚೆಂದದ ಬಿಸಿಲ ಪಟ್ಟಿ ಮೂಡಿತು. ಅದನ್ನೂ ಸೇರಿಸುವ ಆಸೆ ಅವಳಿಗೆ ಬಂತು. ಹೊರಗಿನ ಚಿತ್ರ ಕೆಡುವುದು ಹೆಚ್ಚಾಗಿ ಇಂಥ ಚೆಂದದ ಕ್ಷಣಗಳಿಂದಲೇ. ಅವಳು ಸೇರಿಸಲಿಲ್ಲ.

ಬೆಡ್‌ಶೀಟ್

ನೆರಳಿನ ನಕ್ಷೆ ಆದ ಕೂಡಲೇ ಬೆಡ್‌ಶೀಟಿಗೆ ಹೋದಳು. ಇದು ಚಿತ್ರದ ಹೃದಯ. ಬಿಳಿ ಬಟ್ಟೆಯ ಬಿಸಿಲಿನ ಭಾಗಕ್ಕೆ ಟೈಟಾನಿಯಂ ವೈಟಿನಲ್ಲಿ ಚೂರೇ ಚೂರು ಕ್ಯಾಡ್ಮಿಯಂ ಹಳದಿ. ನೆರಳಿನ ಭಾಗ ಕಷ್ಟದ್ದು. ಬಿಳಿ ಅಂತ ನಮಗೆ ಗೊತ್ತಿರುವುದರಿಂದ ಅದನ್ನು ಸಾಕಷ್ಟು ಗಾಢ ಮಾಡಲು ಕೈ ಹೆದರುತ್ತದೆ. ಅವಳು ಬೆರಳುಗಳನ್ನು ಸುರುಳಿ ಮಾಡಿ, ಆ ಕಿಂಡಿಯಿಂದ ನೆರಳಿನ ತುಣುಕನ್ನು ಮಾತ್ರ ನೋಡಿದಳು. ಆಗ ಅದು ಬಿಳಿಯಾಗಿರಲಿಲ್ಲ. ನೀಲಿ ಬೂದು. ನೆರಳಿನೊಳಗೆ ನೇರ ಬಿಸಿಲು ಬೀಳುವುದಿಲ್ಲ, ಅಲ್ಲಿಗೆ ಬೆಳಕು ಬರುವುದು ತೆರೆದ ಆಕಾಶದಿಂದ. ಅದಕ್ಕೇ ನೀಲಿ. ಆದರೆ ಬಟ್ಟೆಯ ಕೆಳ ಅಂಚಿನ ಹತ್ತಿರ ಬಂದಂತೆ ಆ ನೀಲಿ ಬೆಚ್ಚಗಾಗಿ, ನಸುಗಂದಿಗೆ ತಿರುಗುತ್ತಿತ್ತು. ಆಚೆ ಬಿಸಿಲಿನಲ್ಲಿರುವ ಮಣ್ಣಿನಿಂದ ಪುಟಿದ ಬೆಳಕು ಅದು. ಒಂದು ಗೇಣು ಬಟ್ಟೆಯಲ್ಲಿ ಆಕಾಶವೂ ಇತ್ತು, ನೆಲವೂ ಇತ್ತು.

ಒಂದು ವಿಷಯ ಖಡಾಖಂಡಿತವಾಗಿ ಪಾಲಿಸಿದಳು: ನೆರಳಿನಲ್ಲಿರುವ ಬಟ್ಟೆಯ ಅತಿ ತಿಳಿಯಾದ ಜಾಗವೂ ಬಿಸಿಲಿನಲ್ಲಿರುವ ಬಟ್ಟೆಯ ಅತಿ ಗಾಢವಾದ ಜಾಗಕ್ಕಿಂತ ಗಾಢವಾಗಿರಬೇಕು. ಒಂದೇ ವಸ್ತುವಿನ ಮಟ್ಟಿಗೆ ಈ ನಿಯಮ ಬಹಳ ನಂಬಿಕಸ್ತ. ಬೇರೆ ಬೇರೆ ವಸ್ತುಗಳಿಗೆ ಹೀಗೇ ಹೇಳಲಾಗದು. ನೆರಳಿನ ಬಿಳಿ ಬಟ್ಟೆ ಬಿಸಿಲಿನಲ್ಲಿರುವ ಕಡುನೀಲಿ ಡ್ರಮ್ಮಿಗಿಂತ ತಿಳಿಯಾಗಿಯೇ ಇರಬಹುದು. ಎರಡನ್ನೂ ಪಕ್ಕಪಕ್ಕ ಹೋಲಿಸಿಯೇ ತೀರ್ಮಾನಿಸಬೇಕು.

ಅಷ್ಟರಲ್ಲಿ ಮನೆಯವರು ಬಂದು, ಬಟ್ಟೆ ಒಣಗಿದೆ ಅಂತ ಬೆಡ್‌ಶೀಟನ್ನು ತೆಗೆದುಕೊಂಡು ಹೋದರು. ಮೊದಲ ಸಲವಾಗಿದ್ದರೆ ಚಿತ್ರ ಅಲ್ಲಿಗೇ ನಿಲ್ಲುತ್ತಿತ್ತು. ಈಗ ಬೋರ್ಡಿನ ಮೇಲೆ ಅದರ ಆಕಾರ, ನೆರಳಿನ ಅಂಚು, ಎರಡು ಮಟ್ಟದ ಬೆಳಕು ಆಗಲೇ ಕೂತಿದ್ದವು. ಅವಳು ಬ್ರಷ್ಷನ್ನೂ ಕೆಳಗಿಡದೆ ಮರಕ್ಕೆ ಹೋದಳು.

ಹಸಿರು

ಮೊದಲ ಚಿತ್ರದಲ್ಲಿ ಎಲೆಗಳೆಲ್ಲ ಟ್ಯೂಬಿನ ಸ್ಯಾಪ್ ಗ್ರೀನ್. ಬಿಸಿಲಿಗೆ ಅದಕ್ಕೇ ಬಿಳಿ, ನೆರಳಿಗೆ ಅದಕ್ಕೇ ಕಪ್ಪು. ಬಿಳಿ ಸೇರಿದರೆ ಹಸಿರು ತಿಳಿಯಾಗುತ್ತದೆ, ಜೊತೆಗೆ ತಣ್ಣಗೂ ಆಗುತ್ತದೆ, ಸುಣ್ಣ ಬಳಿದ ಹಾಗೆ ಕಾಣುತ್ತದೆ. ಬಿಸಿಲಿನ ಎಲೆಗೆ ಬೇಕಾದದ್ದು ಹಳದಿ.

ಈ ಸಲ ಹಸಿರಿನ ಟ್ಯೂಬನ್ನು ಒಳಗೇ ಬಿಟ್ಟು ಬಂದಿದ್ದಳು. ಅಲ್ಟ್ರಾಮರೀನ್ ಮತ್ತು ಕ್ಯಾಡ್ಮಿಯಂ ಹಳದಿಯಿಂದ ಶುರು. ಜಾಸ್ತಿ ಕಿರುಚಿದರೆ ಚೂರು ಕೆಂಪು ಅಥವಾ ಬರ್ನ್ಟ್ ಸಿಯೆನ್ನಾ ಹಾಕಿ ತಗ್ಗಿಸುವುದು. ಮರವನ್ನು ಹತ್ತಿರದಿಂದ ನೋಡಿದರೆ ಅಲ್ಲಿ ಮೂರು ಬಗೆಯ ಹಸಿರಿತ್ತು. ಬಿಸಿಲು ಎಲೆಯನ್ನು ತೂರಿ ಬರುವ ಕಡೆ ಹಳದಿ ಹಸಿರು, ಎಲ್ಲಕ್ಕಿಂತ ಬೆಚ್ಚಗಿನದು. ಎಲೆಯ ನುಣುಪು ಮೈ ಆಕಾಶವನ್ನು ತೋರಿಸುವ ಕಡೆ ನೀಲಿ ಬೂದು, ಹಸಿರು ಅನ್ನಲೂ ಆಗದು. ಒಳಗಿನ ನೆರಳಿನಲ್ಲಿ ಕಂದಿಗೆ ಹತ್ತಿರದ ಗಾಢ ಹಸಿರು. ಈ ಮೂರನ್ನು ಬೇರೆ ಬೇರೆಯಾಗಿ ಕಲಸಿಟ್ಟುಕೊಂಡ ಮೇಲೆ ಎಲೆ ಬಿಡಿಸುವ ಅಗತ್ಯವೇ ಬೀಳಲಿಲ್ಲ. ಗುಂಪು ಗುಂಪಾಗಿ ಹಚ್ಚಿದಳು, ಅಂಚಿನಲ್ಲಿ ಮಾತ್ರ ಕೆಲವು ಎಲೆ.

ಎಲೆಗಳ ನಡುವೆ ಆಕಾಶ ಕಾಣುವ ಕಿಂಡಿಗಳನ್ನು ತೆರೆದ ಆಕಾಶಕ್ಕಿಂತ ಒಂದು ಮಟ್ಟ ಗಾಢವಾಗಿ ಇಟ್ಟಳು. ಅದೇ ಬಣ್ಣ ಹಚ್ಚಿದರೆ ಸುತ್ತಲ ಕತ್ತಲೆಗೆ ಅವು ವಿಪರೀತ ಹೊಳೆದು, ಮರಕ್ಕೆ ಅಂಟಿಸಿದ ಚೂರುಗಳಾಗುತ್ತವೆ.

ಆಯಿಲ್‌ನಲ್ಲಿ ಹೊಸಬರು ಎಡವುವ ಇನ್ನೊಂದು ಜಾಗ ಇಲ್ಲಿದೆ. ಒದ್ದೆ ಗಾಢ ಬಣ್ಣದ ಮೇಲೆ ತಿಳಿ ಬಣ್ಣ ಹಚ್ಚಿ ಉಜ್ಜಿದರೆ ಎರಡೂ ಕಲೆತು ರಾಡಿಯಾಗುತ್ತದೆ. ಗಾಢ ಬಣ್ಣ ತೆಳುವಾಗಿ ಕೆಳಗಿರಲಿ, ತಿಳಿ ಬಣ್ಣ ದಪ್ಪಗೆ ಮೇಲೆ ಬರಲಿ. ಬ್ರಷ್ ತುಂಬ ಬಣ್ಣ ತೆಗೆದು, ಒಂದೇ ಸಲ ಇಟ್ಟು, ಎತ್ತಿ, ಬ್ರಷ್ಷನ್ನು ಒರೆಸಿ, ಆಮೇಲೆ ಇನ್ನೊಂದು. ತಪ್ಪಿದರೆ ಮೇಲೆ ಮೇಲೆ ಹಚ್ಚದೆ ಪ್ಯಾಲೆಟ್ ನೈಫಿನಿಂದ ಕೆರೆದು ಮತ್ತೆ ಹಚ್ಚುವುದು. ಜಲವರ್ಣದಲ್ಲಿ ಈ ಸೌಲಭ್ಯ ಇಲ್ಲವಲ್ಲ, ಕೆರೆದು ತೆಗೆಯಬಹುದು ಅನ್ನುವುದನ್ನು ಒಪ್ಪಿಕೊಳ್ಳಲು ಅವಳಿಗೆ ಸ್ವಲ್ಪ ಸಮಯ ಬೇಕಾಯಿತು.

ಹತ್ತೂವರೆಗೆ ಕೈ ನಿಲ್ಲಿಸಿದಳು. ಉಳಿದ ಇಟ್ಟಿಗೆ ಗೋಡೆ, ಏಣಿ, ಡ್ರಮ್ಮನ್ನು ಮರುದಿನ ಅದೇ ಒಂಬತ್ತಕ್ಕೆ ಬಂದು ಮುಗಿಸಿದಳು. ಬಿಸಿಲೂ ಹಾಗೇ ಇತ್ತು. ತೆಳು ಪದರ ಅಷ್ಟರಲ್ಲಿ ಅಂಟಂಟಾಗಿ ಹಿಡಿದುಕೊಂಡಿತ್ತು, ಮೇಲೆ ಹಚ್ಚಲು ಹಿತವಾಗಿತ್ತು.

ಒಳಗೆ ತಂದ ಮೇಲೆ

ಒಳಗೆ ಗೋಡೆಗೆ ಒರಗಿಸಿ ನೋಡಿದಾಗ ಬಿಸಿಲು ಬಂದಿತ್ತು. ಕೋಣೆಯ ಆ ಕಡೆಯಿಂದಲೂ ಬೆಡ್‌ಶೀಟಿನ ಓರೆ ನೆರಳು ಎದ್ದು ಕಾಣುತ್ತಿತ್ತು. ಒಳಗೆ ಏನು ತಿದ್ದಬಹುದು ಅನ್ನುವುದಕ್ಕೆ ಅವಳೇ ಒಂದು ಗಡಿ ಹಾಕಿಕೊಂಡಳು: ಅಂಚು ಮೃದು ಮಾಡಬಹುದು, ಏಣಿಯ ಮೆಟ್ಟಿಲು ನೇರ ಮಾಡಬಹುದು, ನೆರಳಿನ ಬಣ್ಣ ಮತ್ತು ಗಾಢತೆಯನ್ನು ಮುಟ್ಟುವಂತಿಲ್ಲ. ನೆನಪಿನಿಂದ ನೆರಳು ತಿದ್ದಿದರೆ ಅದು ಕಪ್ಪಿಗೆ ಹೋಗುತ್ತದೆ, ನನ್ನ ಅನುಭವವೂ ಅದೇ.

ಮರದ ಭಾಗದಲ್ಲಿ ಒಂದು ಸಣ್ಣ ಹುಳ ಅಂಟಿಕೊಂಡಿತ್ತು. ಒದ್ದೆಯಿರುವಾಗ ಕೀಳಲು ಹೋದರೆ ಸುತ್ತ ಬಣ್ಣ ಕದಡುತ್ತದೆ, ಒಣಗಿದ ಮೇಲೆ ಉಗುರಿನಿಂದ ಉದುರಿಸಿದರೆ ಸಾಕು. ವ್ಯಾನ್ ಗೋ 1889ರಲ್ಲಿ ಮಾಡಿದ ಆಲಿವ್ ಮರಗಳ ಒಂದು ಚಿತ್ರದಲ್ಲಿ ಪುಟ್ಟ ಮಿಡತೆಯೊಂದು ಬಣ್ಣದೊಳಗೇ ಉಳಿದುಬಿಟ್ಟಿತ್ತು. ಅಮೆರಿಕದ ಕ್ಯಾನ್ಸಸ್ ಸಿಟಿಯ ನೆಲ್ಸನ್-ಆಟ್ಕಿನ್ಸ್ ಮ್ಯೂಸಿಯಂನವರು ಅದನ್ನು 2017ರಲ್ಲಿ ಜನರಿಗೆ ತಿಳಿಸಿದರು.

ಒಣಗಿಸುವ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಆಯಿಲ್ ಪೇಂಟಿನ ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ, ಆಗ ಬಿಸಿ ಹುಟ್ಟುತ್ತದೆ. ಬೋರ್ಡಿನ ಮೇಲೆ ಅದು ಗೊತ್ತೇ ಆಗುವುದಿಲ್ಲ. ಆದರೆ ಎಣ್ಣೆ ಹಿಡಿದ ಬಟ್ಟೆ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಒಳಗೇ ಸೇರಿ, ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಅವಳು ಚಿಂದಿಗಳನ್ನು ನೀರಲ್ಲಿ ನೆನೆಸಿ, ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ಹಾಕಿಡುತ್ತಾಳೆ.

ಚಿತ್ರದಲ್ಲಿ ಈಗಲೂ ಸೋತಿರುವುದು ನಿಂಬೆ ಗಿಡ. ಅದು ಗೋಡೆಯ ನೆರಳಿನೊಳಗೇ ಇದ್ದದ್ದರಿಂದ ದೊಡ್ಡ ಆಕಾರದಲ್ಲಿ ಕರಗಿಹೋಗಿದೆ. ಈ ಚಿತ್ರಕ್ಕೆ ಅದು ಸರಿಯೇ, ಅದನ್ನು ಎತ್ತಿ ತೋರಿಸಿದ್ದರೆ ಬೆಡ್‌ಶೀಟಿನ ಬಲ ಕಡಿಮೆಯಾಗುತ್ತಿತ್ತು. ಆದರೆ ಅವಳಿಗೆ ಆ ಗಿಡದ ಮೇಲೆ ಮನಸ್ಸಿದೆ. ಮೋಡ ಕವಿದ ದಿನ ಅದನ್ನೊಂದನ್ನೇ ಸಣ್ಣ ಬೋರ್ಡಿನ ಮೇಲೆ ಮಾಡು ಅಂದೆ. ಮೋಡದ ಬೆಳಕು ಗಂಟೆಗಟ್ಟಲೆ ಹೆಚ್ಚು ಬದಲಾಗುವುದಿಲ್ಲ, ಅವಸರ ಇರುವುದಿಲ್ಲ. ನೆರಳಿನ ಆಕಾರಗಳೂ ಸಿಗುವುದಿಲ್ಲ. ಅಲ್ಲಿ ಎಲೆ ಎಲೆಯ ನಡುವಿನ ಸೂಕ್ಷ್ಮ ಬಣ್ಣವ್ಯತ್ಯಾಸದಿಂದಲೇ ಗಿಡ ಕಟ್ಟಬೇಕು. ಅವಳು ಅದಕ್ಕಾಗಿ 6×8ರ ಒಂದು ಬೋರ್ಡಿಗೆ ಬೂದು ಬಣ್ಣ ಬಳಿದು ಇಟ್ಟಿದ್ದಾಳೆ.